ಕಾಸ್ಮಿರನ ಕಾರಿಗೆ ತಪ್ಪಿದ ರೋಸ್

ಹೊಟ್ಟೆಕಿಚ್ಚು ಪಾಪವೆಂದು ಪಾದ್ರಿಗಳು ಆಗಾಗ ಹೇಳುತ್ತಿದ್ದರು. ಅವರಿಗೆ ಹೇಳುವುದು ಸುಲಭ. ಅವರ ಪಕ್ಕದ ಮನೆಯಲ್ಲಿ ಕಾಸ್ಮಿರ್ ಇರಲಿಲ್ಲವಲ್ಲ. ಐವತ್ತರ ದಶಕದ ಕೊನೆಗೆ ನಮ್ಮ ಮಣ್ಣಗುಡ್ಡದ ಓಣಿಯಲ್ಲಿ ಇದ್ದದ್ದು ಎರಡೇ ಕಾರು, ಒಂದು ನನ್ನದು, ಇನ್ನೊಂದು ಅವನದು. ಎರಡೂ ಕಪ್ಪು, ಎರಡಕ್ಕೂ ಒಂದೇ ಪ್ರಾಯ. ಆದರೆ ನನ್ನ ಹೆಂಡತಿ ಚರ್ಚಿಗೆ ಹೊರಡುವಾಗ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದದ್ದು ಅವನ ಕಾರಿನ ಬಾಗಿಲಲ್ಲಿ ಮುಖ ನೋಡಿ.

ನಾನೇನು ಕಾರಿಗೆ ಹೊಳಪಿನ ವ್ಯಾಕ್ಸ್ ಹಚ್ಚದವನಲ್ಲ. ಬಂದರಿನ ಅಂಗಡಿಯಿಂದ ಅವನು ತಂದ ಡಬ್ಬಿಯನ್ನೇ ತಂದಿದ್ದೆ, ಅದೂ ಅವನದಕ್ಕಿಂತ ದೊಡ್ಡದು. ಕೆಂಪು ಧೂಳಿನ ಮೇಲೆಯೇ ಧಾರಾಳವಾಗಿ ಬಳಿದು ತಿಕ್ಕಿದೆ. ಕಾರು ಬೆಲ್ಲದ ಅಚ್ಚಿನ ಹಾಗೆ ಕಂಡಿತು. ಕಾಸ್ಮಿರನಾದರೋ ಡಬ್ಬಿ ತೆರೆಯುವ ಮೊದಲು ಕಾರನ್ನು ತೊಳೆದು, ಡಾಮರಿನ ಕಲೆಯನ್ನು ಸೀಮೆಎಣ್ಣೆಯಿಂದ ಒರೆಸಿ, ಆ ಎಣ್ಣೆ ಹೋಗಲು ಮತ್ತೆ ಸೋಪು ಹಾಕಿ, ಸತ್ತ ಬಣ್ಣವನ್ನು ಪೇಸ್ಟಿನಿಂದ ಉಜ್ಜಿ ತೆಗೆಯುತ್ತಿದ್ದ. ಕೊನೆಗೆ ಸಿಗರೇಟು ಪ್ಯಾಕಿಗೆ ಸುತ್ತಿರುವ ತೆಳು ಗಾಜುಕಾಗದವನ್ನು ಬೆರಳಿಗೆ ಸುತ್ತಿ, ಕಣ್ಣು ಮುಚ್ಚಿ, ಡಾಕ್ಟರು ಹೊಟ್ಟೆ ಮುಟ್ಟಿ ನೋಡುವ ಹಾಗೆ ಬಾನೆಟ್ ಸವರುತ್ತಿದ್ದ. ಎಂತ ಹುಡುಕುವುದೆಂದು ಕೇಳಿದ್ದಕ್ಕೆ, "ಬರಿಗೈಗೆ ಸಿಗದ ಧೂಳು ಇದಕ್ಕೆ ಸಿಗ್ತದೆ ಮಾರಾಯ್ರೆ. ಮೈ ಶುದ್ಧ ಆಗದೆ ಮೇಲಿಂದ ಬಳಿದ್ರೆ ಎಂತ ಪ್ರಯೋಜನ ಉಂಟು?" ಎಂದ. ಹೇಳಿದ್ದು ಕಾರಿನ ಬಗ್ಗೆಯೇ, ಆದರೆ ನೋಡಿದ್ದು ನನ್ನನ್ನು.

ಅಷ್ಟರಲ್ಲಿ ಎದುರುಮನೆಯ ಲಾರೆನ್ಸ್ ಮಾಸ್ತರರ ಮಗಳು ಜೂಲಿಗೆ ಮದುವೆ ಗೊತ್ತಾಯಿತು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತ ಧರ್ಮಪಿತ ನಾನು. ಅವಳು ಚರ್ಚಿಗೆ ಹೋಗುವುದು ನನ್ನ ಕಾರಿನಲ್ಲೇ ಎಂದು ಊರಿಡೀ ಹೇಳಿಕೊಂಡು ತಿರುಗಿದೆ. ಮಾಸ್ತರರು ಮಾತ್ರ ತಲೆ ಕೆರೆದುಕೊಂಡು, ಮದುವೆಯ ಬೆಳಿಗ್ಗೆ ಜೂಲಿಯೇ ಎರಡೂ ಕಾರು ನೋಡಿ ಆರಿಸುತ್ತಾಳಂತೆ ಎಂದರು.

ನನಗೆ ನಿದ್ದೆ ಹಾರಿಹೋಯಿತು. ಕಾಸ್ಮಿರ್ ಮಾಡುವುದನ್ನೆಲ್ಲ ಬೇಲಿಯ ಸಂದಿನಿಂದ ಕದ್ದು ನೋಡಿ ಒಂದೂ ಬಿಡದೆ ಮಾಡಿದೆ. ಎಂದೋ ಸಿಗರೇಟು ಬಿಟ್ಟವನು ಗಾಜುಕಾಗದಕ್ಕಾಗಿ ಒಂದು ಪ್ಯಾಕು ಕೊಂಡೆ. ಕೊಂಡದ್ದು ಹಾಳಾಗಬಾರದೆಂದು ಪೂರ್ತಿ ಸೇದಿ ಕೆಮ್ಮಿದೆ.

ಮದುವೆಯ ಮುನ್ನಾದಿನ ಮಾಸ್ತರರ ಮನೆಯಲ್ಲಿ ರೋಸ್. ಮದುಮಗಳ ತಲೆಗೆ, ಮೈಗೆ ತೆಂಗಿನ ಹಾಲು ಹಚ್ಚುವ ಸಂಜೆ, ಅದಾಗದೆ ನಮ್ಮಲ್ಲಿ ಮದುವೆಯಿಲ್ಲ. ಎರಡೂ ಕಾರು ಅಂಗಳದಲ್ಲಿ ತೊಳೆದು, ಉಜ್ಜಿ ನಿಂತಿದ್ದವು. ವ್ಯಾಕ್ಸ್ ಹಚ್ಚುವುದು ಬೆಳಿಗ್ಗೆಗೆ. ಬರಿಮೈಯಲ್ಲೂ ಕಾಸ್ಮಿರನ ಕಾರಿನಲ್ಲಿ ಪೆಟ್ರೋಮ್ಯಾಕ್ಸ್ ದೀಪ ಇಡೀ ಕಾಣುತ್ತಿತ್ತು, ನನ್ನದರಲ್ಲಿ ಅರ್ಧ. ಹೊಟ್ಟೆ ಉರಿಯಿತು. ಅಷ್ಟು ಶುದ್ಧ ಮಾಡಿದ ಬಣ್ಣಕ್ಕೆ ತೆಂಗಿನ ಹಾಲಿನ ಜಿಡ್ಡು ತಾಗಿದರೆ ಬೆಳಿಗ್ಗೆ ವ್ಯಾಕ್ಸ್ ಹಿಡಿಯುವುದುಂಟೇ? ಜೂಲಿಯ ಸೋದರತ್ತೆ ಸೆವ್ರಿನ್ ಬಾಯಿ ತೆಂಗಿನ ಹಾಲಿನ ಪಾತ್ರೆ ಹಿಡಿದು ಬಂದರು. ನಾನು ಮುಖ ಗಂಭೀರ ಮಾಡಿ, ಹಿಂದೆಲ್ಲ ಮದುಮಗಳ ಗಾಡಿಗೂ ರೋಸ್ ಹಾಕುವ ಕ್ರಮ ಇತ್ತು, ಈಗಿನವರಿಗೆ ಮರೆತುಹೋಗಿದೆ ಎಂದು ಹೇಳಿ, ಕಾಸ್ಮಿರನ ಕಾರಿನ ಕಡೆಗೆ ಗಲ್ಲ ಎತ್ತಿ ತೋರಿಸಿದೆ. ಕ್ರಮ ಅಂದರೆ ಸೆವ್ರಿನ್ ಬಾಯಿಗೆ ಪ್ರಾಣ. ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಹೊರಟೇಬಿಟ್ಟರು.

ಕಾಸ್ಮಿರ್ ಗಾಬರಿಯಾಗಲಿಲ್ಲ. ನನ್ನನ್ನೊಮ್ಮೆ ನೋಡಿ, ಬಹಳ ವಿನಯದಿಂದ, "ಬಾಯಿ, ಧರ್ಮಪಿತನ ಕಾರು ಇಲ್ಲೇ ಉಂಟಲ್ಲ. ಅದಕ್ಕೆ ಹಾಕದೆ ನನ್ನದಕ್ಕೆ ಹಾಕಿದ್ರೆ ಹಿರಿಯರಿಗೆ ಅವಮಾನ ಅಲ್ವಾ?" ಎಂದ.

"ಹೌದಲ್ಲ ಮಾರಾಯ, ಎಂತ ತಪ್ಪು ಆಗ್ತಿತ್ತು," ಎಂದರು ಸೆವ್ರಿನ್ ಬಾಯಿ.

ಕ್ರಮ ಹುಟ್ಟಿಸಿದವನೇ ಬೇಡ ಎನ್ನುವುದು ಹೇಗೆ? ಹೆಂಗಸರು ಹಾಡು ಹೇಳುತ್ತ ನನ್ನ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಪಾತ್ರೆ ಬರಿದು ಮಾಡಿದರು. ಎಲ್ಲರಿಗಿಂತ ಜೋರಾಗಿ ಹಾಡಿದವಳು ನನ್ನ ಹೆಂಡತಿ.

ಬೆಳಿಗ್ಗೆ ಕಾರಿನ ಮೇಲೆ ಕೆಂಪು ಧೂಳು, ಅದರ ಮೇಲೆ ಇರುವೆಯ ಸಾಲು. ಮತ್ತೆ ತೊಳೆಯಲು ಹೊತ್ತಿಲ್ಲದೆ ವ್ಯಾಕ್ಸ್ ಹಚ್ಚಿದರೆ ಅದು ಇರುವೆಯ ಜೊತೆ ಜಾರಿ ಕೆಳಗೆ ಬಂತು. ಜೂಲಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಾಸ್ಮಿರನ ಕಾರು ಹತ್ತಿದಳು. ಚರ್ಚಿನವರೆಗೂ ಅವರ ಹಿಂದೆ ಹೋದದ್ದು ನಾನು, ನನ್ನ ಹಿಂದೆ ಕಾಗೆಗಳು.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಬೇಕಾದಷ್ಟು ಕಾರು ಬಂದವು, ಹೊಳೆದವು, ಗುಜರಿಗೆ ಹೋದವು. ಹಾಡು ಹೇಳಿಸಿಕೊಂಡು ಸಂಪ್ರದಾಯದಂತೆ ರೋಸ್ ಆದದ್ದು ನನ್ನದೊಂದಕ್ಕೇ. ಪಾಪ, ಕಾಸ್ಮಿರನ ಕಾರು ಅಷ್ಟು ಹೊಳಪು ಇಟ್ಟುಕೊಂಡೂ ಕೊನೆಯವರೆಗೆ ಬ್ರಹ್ಮಚಾರಿಯಾಗಿಯೇ ಉಳಿಯಿತು.