ಮಾವನವರ ಊಟಕ್ಕೆ ಪಪ್ಪಾಯಿ ಹಚ್ಚಿದ್ದು

ವಿಜ್ಞಾನ ಓದಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಮನೆಯವರು ತಲೆತಲಾಂತರದಿಂದ ನೆಟ್ಟಗೆ ಮಾಡಿಕೊಂಡು ಬಂದ ಕೆಲಸಕ್ಕೆಲ್ಲ ಕಾರಣ ಹೇಳಲು ಹೋಗುತ್ತಾನೆ. ಹೇಳಿ ಸುಮ್ಮನಾದರೆ ಅಡ್ಡಿಯಿಲ್ಲ; ನಾನು ಮಾಡಿ ತೋರಿಸಲು ಹೋದೆ. ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ಕಾಲೇಜು ಹುಡುಗರಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ. ನನ್ನ ಮಾವ, ಅಂದರೆ ಹೆಂಡತಿ ಸುಶೀಲಾಳ ಅಪ್ಪ, ಕಟಕೋಳದಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಹಿಂದಿನ ಸಲ ಅವರು ಬಂದಾಗ ನಾನು ತಂದ ಮಟನ್ ಎಷ್ಟು ಗಟ್ಟಿಯಿತ್ತೆಂದರೆ, ಅವರ ಬಾಯಲ್ಲಿ ಉಳಿದಿದ್ದ ಎರಡು ಹಲ್ಲುಗಳಲ್ಲಿ ಒಂದು ಕಳಚಿ ತಾಟಿನಲ್ಲಿ ಬಿತ್ತು. "ಈ ಆಡು ನನಗಿಂತ ಹಿರೀದೈತಿ, ಅಳ್ಯಾರ" ಎಂದು ಕೈ ತೊಳೆದು ಎದ್ದವರು ಒಂದು ವರ್ಷ ಇತ್ತ ಹಾಯಲಿಲ್ಲ. ತವರಿನಿಂದ ಕಾಗದ ಬಂದಾಗಲೆಲ್ಲ ಸುಶೀಲಾ ಓದಿ ಮುಗಿಸಿ ನನ್ನ ಮುಖ ನೋಡುತ್ತಿದ್ದಳು.

ಕೊನೆಗೊಮ್ಮೆ ಮಾವ ಭಾನುವಾರ ಬರುತ್ತೇನೆಂದು ಬರೆದರು. ಈ ಸಲ ಮಾನ ಉಳಿಸಿಕೊಳ್ಳಲೇಬೇಕು ಎಂದುಕೊಂಡು ನಸುಕಿನಲ್ಲೇ ಮಟನ್ ತಂದೆ, ಹಿತ್ತಿಲ ಗಿಡದಿಂದ ಒಂದು ಹಸಿ ಪಪ್ಪಾಯಿ ಕಿತ್ತೆ. "ನಮ್ಮವ್ವನೂ ಹಚ್ತಿದ್ಲು. ಒಂದು ಚಮಚಾ, ಅರ್ಧಾ ತಾಸು ಸಾಕ್ರಿ" ಎಂದಳು ಸುಶೀಲಾ. "ಯಾಕ ಹಚ್ತಿದ್ಲು, ಅದು ಗೊತ್ತೈತೇನು?" ಎಂದು ನಾನು ಪಾಠಕ್ಕೆ ನಿಂತೆ. ಪಪ್ಪಾಯಿಯ ಹಾಲಿನಲ್ಲಿ ಒಂದು ಕಿಣ್ವವಿದೆ. ಅದರ ಮೈಯಲ್ಲಿ ಒಂದು ಸಣ್ಣ ಸಂದು. ಅದೇ ಸಕ್ರಿಯ ತಾಣ. ಮಾಂಸದ ಪ್ರೋಟೀನ್ ಎಳೆ ಆ ಸಂದಿನಲ್ಲಿ ಸರಿಯಾಗಿ ಕೂತರೆ ಕತ್ತರಿಸಿಹೋಗುತ್ತದೆ. ತುಂಡುಗಳು ಜಾರಿ ಹೊರಬೀಳುತ್ತವೆ, ಸಂದು ಖಾಲಿಯಾಗುತ್ತದೆ, ಮುಂದಿನ ಎಳೆ ಬಂದು ಕೂರುತ್ತದೆ. ಎಷ್ಟು ಕತ್ತರಿಸಿದರೂ ಕಿಣ್ವ ತಾನು ಖರ್ಚಾಗುವುದಿಲ್ಲ. "ಖರ್ಚಾಗೂದಿಲ್ಲಂದ್ರ ಒಂದು ಚಮಚಾನಽ ಸಾಕಲ್ರಿ?" ಎಂದಳು. ನನ್ನ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನಾನು ಅರ್ಧ ಪಪ್ಪಾಯಿ ಅರೆದು ಮಾಂಸಕ್ಕೆ ಬಳಿದುಬಿಟ್ಟೆ. ಆಗಿನ್ನೂ ಬೆಳಗಿನ ಏಳು ಗಂಟೆ.

ಮಾವನವರ ಬಸ್ಸು ಬರುವುದು ಹನ್ನೆರಡಕ್ಕೆ. ಹನ್ನೊಂದಕ್ಕೆ ಮಟನ್ನಿನ ಪಾತೇಲಿ ಒಲೆಯ ಮೇಲೇರಿತು. ಸಾವಕಾಶ ಕಾಯಲಿ ಎಂದು ಉರಿ ಸಣ್ಣ ಮಾಡಿಸಿದವನೂ ನಾನೇ. ಬಿಸಿ ಏರಿದಂತೆ ಆ ಕಿಣ್ವದ ಕೈ ಇನ್ನೂ ಚುರುಕಾಗುತ್ತದೆ, ತೀರಾ ಕುದಿಯತೊಡಗಿದ ಮೇಲಷ್ಟೇ ಅದರ ಆಕಾರ ಕೆಟ್ಟು ಕೆಲಸ ನಿಲ್ಲುತ್ತದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ಸುಶೀಲಾ ಸೌಟು ಆಡಿಸಿ ನೋಡಿದಳು. ಎಲುಬು ಸಿಕ್ಕವು. ಮಾಂಸ ಎಲ್ಲಿಯೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ ಬಾಗಿಲಲ್ಲಿ ಮಾವನವರ ಕೆಮ್ಮು ಕೇಳಿಸಿತು.

ಬೇರೆ ಅಡಿಗೆಗೆ ವೇಳೆ ಎಲ್ಲಿದೆ? ಎಲುಬು ತೆಗೆದು ಅದನ್ನೇ ನೀಡಿದೆವು. ಮಾವ ರೊಟ್ಟಿ ಮುರಿದು ಅದ್ದಿದರು, ಇನ್ನೊಮ್ಮೆ ಅದ್ದಿದರು, ಬಟ್ಟಲು ಎತ್ತಿ ಸೊರ್ರೆಂದು ಕುಡಿದರು. ಮತ್ತೆ ಹಾಕಿಸಿಕೊಂಡರು. ಮೂರನೇ ಬಟ್ಟಲು ಕೆಳಗಿಟ್ಟು ಮಗಳತ್ತ ತಿರುಗಿದರು. "ಬ್ಯಾಳಿ ಸಾರು ಭಾಳ ಛಲೋ ಆಗೇತಿ, ಯವ್ವಾ. ಮಟನ್ ಯಾವಾಗ ನೀಡ್ತಿ?"

ಸುಶೀಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಎಂದುಕೊಂಡೆ, ನಗುತ್ತಿದ್ದಳು. ನಾನು ನಡೆದದ್ದನ್ನೆಲ್ಲ ಸಕ್ರಿಯ ತಾಣದ ಸಮೇತ ಒಪ್ಪಿಸಿದೆ. ಮಾವ ಗಂಭೀರವಾಗಿ ಕೇಳಿ, "ಅಂದ್ರ ನಾ ಬರೂದರಾಗ ಅದಽ ಉಂಡು ಕುಂತಿತ್ತು ಅನ್ರಿ" ಎಂದು ಬಿದ್ದುಬಿದ್ದು ನಕ್ಕರು. ಸಂಜೆಗೆ ಹೊರಡಬೇಕಾದವರು ನಾಲ್ಕು ದಿನ ಉಳಿದರು. ಮರುದಿನದ ಮಟನ್ನಿಗೆ ಸುಶೀಲಾ ಒಂದೇ ಚಮಚ ಪಪ್ಪಾಯಿ ಹಚ್ಚಿದಳು, ಅರ್ಧ ತಾಸು ಬಿಟ್ಟು ಬೇಯಿಸಿದಳು. ಬೆಣ್ಣೆಯಂತಾಗಿತ್ತು. ನನ್ನನ್ನು ಅಡಿಗೆಮನೆಯ ಹೊಸ್ತಿಲಿನಾಚೆ ಕೂರಿಸಿದ್ದರು.

ಐದನೆಯ ದಿನ ಮಾವನವರನ್ನು ಕಟಕೋಳದ ಮೇಲೆ ಹಾಯುವ ರಾಮದುರ್ಗದ ಬಸ್ಸಿಗೆ ಹತ್ತಿಸಿದೆ. ಪಕ್ಕದಲ್ಲಿ ಕುಳಿತವರು ಯಾರೋ ನನ್ನನ್ನು ತೋರಿಸಿ, "ಇವರು ಏನು ಮಾಡ್ತಾರ್ರಿ?" ಎಂದು ಕೇಳಿದರು. ಮಾವ ಹೆಮ್ಮೆಯಿಂದ, "ನಮ್ಮ ಅಳ್ಯಾರ್ರಿ. ಕಾಲೇಜಿನ್ಯಾಗ ಅಡಿಗಿ ಕಲಿಸ್ತಾರ" ಎಂದರು. ನಾನು ತಿದ್ದಲಿಲ್ಲ. ನನ್ನ ಯೋಗ್ಯತೆಗಿಂತ ಅದೇ ಸ್ವಲ್ಪ ಹೆಚ್ಚಾಗಿತ್ತು.