ಮೊಮ್ಮಗಳ ಕೊಳಲು, ನನ್ನ ಊದುಗೊಳವೆ

ಮೊಮ್ಮಕ್ಕಳಿರುವ ಮುದುಕಿಯರನ್ನು ಕಂಡರೆ ಜನ ಯಾಕೆ ದಾರಿ ಬದಲಿಸುತ್ತಾರೆ ಎಂಬುದು ನನಗೆ ಈಚೆಗೆ ಅರ್ಥವಾಗಿದೆ, ನಾನೇ ಅಂಥವಳಾದ ಮೇಲೆ. ಮೊದಲೆಲ್ಲ ಹಾಲಿನ ಡೈರಿ ಮುಂದೆ ಯಾರಾದರೂ ಮುದುಕಿ "ನಮ್ ಮೊಮ್ಮಗ ಇಂಗ್ಲಿಷಲ್ಲೇ ಬೈತಾನೆ ಕಣೇ" ಎಂದು ಶುರು ಮಾಡಿದರೆ ನಾನು ಕ್ಯಾನು ಎತ್ತಿಕೊಂಡು ಮನೆಗೆ ಬಂದುಬಿಡುತ್ತಿದ್ದೆ. ಈಗ ನಾನು ಬಾಯಿ ತೆರೆದರೆ ಹಾಲು ಅಳೆಯುವವನಿಗೆ ಏನೋ ಜ್ಞಾಪಕ ಬಂದು ಒಳಗೆ ಹೋಗುತ್ತಾನೆ. ಹೋಗಲಿ, ನೀವು ಕೇಳಿ. ಬೇಜಾರಾಗಿ ಪುಸ್ತಕ ಮುಚ್ಚಿಟ್ಟರೂ ನನಗೆ ಕಾಣುವುದಿಲ್ಲ, ಆದ್ದರಿಂದ ಸಂಕೋಚ ಬೇಡ.

ನನ್ನ ಮೊಮ್ಮಗಳು ಲಿಖಿತ ಕೊಳಲು ಊದುತ್ತಾಳೆ. ಶನಿವಾರ ಶನಿವಾರ ತೂಬಗೆರೆಯಿಂದ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ ಒಬ್ಬ ಮೇಷ್ಟ್ರ ಹತ್ತಿರ ಕಲಿಯುತ್ತಾಳೆ. ಊದುತ್ತಾಳೆ ಎಂದೆನಲ್ಲ, ಮೊದಮೊದಲು ಅದು ಬರೀ ಊದುವುದೇ ಆಗಿತ್ತು. ಕುಕ್ಕರಿನ ರಬ್ಬರು ಸಡಿಲವಾದಾಗ ಒಂದು ಸದ್ದು ಬರುತ್ತದಲ್ಲ, ವಿಷಲ್ಲೂ ಅಲ್ಲ, ಸುಮ್ಮನಿರುವುದೂ ಅಲ್ಲ, ಹಾಗೆ. ನಮ್ಮ ಮನೆಯ ಪಟದಲ್ಲಿ ಕೃಷ್ಣ ಕಾಲ ಮೇಲೆ ಕಾಲು ಹಾಕಿ ನಿಂತು ಆರಾಮಾಗಿ ನುಡಿಸುತ್ತಾನೆ. ಕಲಿಯುವಾಗ ಅವನ ಕೊಳಲು ಹೇಗೆ ಕೇಳುತ್ತಿತ್ತು ಎಂದು ಯಾವ ಹರಿಕಥೆಯವರೂ ಹೇಳಿದ್ದನ್ನು ನಾನು ಕೇಳಿಲ್ಲ. ಯಶೋದೆಗೆ ಗೊತ್ತಿರಬೇಕು ಪಾಪ. ಅದಕ್ಕೇ ಬೆಳಗಾಗುತ್ತಲೇ ದನ ಕಾಯಲು ಅಟ್ಟುತ್ತಿದ್ದಳೋ ಏನೋ.

ಒಂದು ಶನಿವಾರ ನಾನೂ ಜೊತೆಗೆ ಹೋಗಿದ್ದೆ. ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಮ್ಮ, ಬೆರಳು ಚೆನ್ನಾಗಿ ಓಡುತ್ತೆ. ಆದ್ರೆ ಸ್ವರಕ್ಕೆ ಬಣ್ಣ ಬರ್ತಿಲ್ಲ. ಒಂದೇ ಷಡ್ಜ ತಿಳಿಯಾಗಿ ಅಂದ್ರೆ ತಿಳಿಯಾಗಿ ಬರ್ಬೇಕು, ಗಾಢವಾಗಿ ಅಂದ್ರೆ ಗಾಢವಾಗಿ ಬರ್ಬೇಕು. ಇವಳ್ದು ಬರೀ ಗಾಳಿ. ಸಂಕ್ರಾಂತಿವರೆಗೆ ನೋಡ್ತೀನಿ. ಆಮೇಲೂ ಹಿಂಗೇ ಇದ್ರೆ ಕೀಬೋರ್ಡ್ ಕೊಡಿಸಿ. ಮಗೂನ ಸುಮ್ನೆ ಯಾಕೆ ಒದ್ದಾಡಿಸ್ಬೇಕು?"

ಮಾತು ನನಗೆ ಅರ್ಥವಾಯಿತು. ಸಾರು ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಅದೇ ಹುಣಸೆಹುಳಿ, ಅದೇ ಉಪ್ಪು, ಅದೇ ಪುಡಿ. ಒಬ್ಬಳ ಸಾರನ್ನು ಕೈ ನೆಕ್ಕಿಕೊಂಡು ತಿನ್ನುತ್ತೇವೆ, ಇನ್ನೊಬ್ಬಳದಕ್ಕೆ ಮಜ್ಜಿಗೆ ಯಾವಾಗ ಬರುತ್ತದೋ ಎಂದು ಬಾಗಿಲು ನೋಡುತ್ತೇವೆ. ಇಷ್ಟೇ ತಾನೇ? ಆದರೆ ಹುಡುಗಿ ಬಸ್ಸಿನಲ್ಲಿ ಕಿಟಕಿ ಕಡೆಗೆ ತಿರುಗಿ, ಕೊಳಲನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು ಕೂತಿತ್ತು. "ಅಜ್ಜಿ, ನಂಗೆ ಕೀಬೋರ್ಡ್ ಬ್ಯಾಡ" ಎಂದಿತು. ಅಷ್ಟೇ. ಅವಳ ಕೈಯಿಂದ ಆ ಕೊಳಲು ಕಿತ್ತುಕೊಳ್ಳಲು ಮೇಷ್ಟ್ರು ಯಾರು, ಹೇಳಿಕೊಡಲು ನಾನಿಲ್ಲವೇ ಎಂದುಕೊಂಡೆ.

ನಾನಿದ್ದದ್ದೇ ತೊಂದರೆಯಾಯಿತು. ಕೊಳವೆಯ ಒಳಗೆ ಉಸಿರು ಬಿಡುವ ವಿದ್ಯೆ ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು? ಗ್ಯಾಸು ಬರುವ ಮುಂಚೆ ಹಸಿ ಸೌದೆಯ ಒಲೆಯನ್ನು ಊದುಗೊಳವೆ ಹಿಡಿದು ಹೊತ್ತಿಸಿದವಳು ನಾನು. ಮಳೆಗಾಲದಲ್ಲೂ ಒಂದೇ ಉಸಿರಿಗೆ ಕೆಂಡ ಮಾಡುತ್ತಿದ್ದೆ ಎಂದು ನಮ್ಮತ್ತೆಯೇ ಒಪ್ಪಿಕೊಂಡಿದ್ದರು, ಅವರು ಬೇರೆ ಯಾವುದನ್ನೂ ಒಪ್ಪಿಕೊಂಡವರಲ್ಲ. ಅಟ್ಟದಿಂದ ಆ ಕಬ್ಬಿಣದ ಕೊಳವೆಯನ್ನೇ ಇಳಿಸಿ ಪಾಠ ಶುರು ಮಾಡಿದೆ. "ಕೆನ್ನೆ ಉಬ್ಬಿಸ್ಬೇಕು ಕಂದ. ಗಾಳೀನ ಬಾಯಲ್ಲಿ ತುಂಬ್ಕೊಂಡು, ಹೊಟ್ಟೆಯಿಂದ ತಳ್ಳು. ಫೂ ಅಂತ!" ಮಗು ಪಾಪ, ಅಜ್ಜಿ ಹೇಳಿದ್ದೆಂದು ಕೆನ್ನೆಗಳನ್ನು ಬನ್ನಿನ ಹಾಗೆ ಮಾಡಿಕೊಂಡು ಊದಿತು. ಸದ್ದು ಜೋರಾಯಿತು. ಜೋರಾಯಿತಲ್ಲ ಎಂದು ನಾನು ಹಿಗ್ಗಿದೆ. ಕೊಟ್ಟಿಗೆಯಲ್ಲಿ ಕೂತು ಅಭ್ಯಾಸ ಮಾಡು ಎಂದು ಕಳಿಸಿದರೆ ನಮ್ಮ ಹಸು ಹಾಲಿನ ತಂಬಿಗೆ ಒದ್ದಿತು. ಹಸುವಿಗೆ ಸಂಗೀತ ಏನು ಗೊತ್ತು ಎಂದೆ.

ಮುಂದಿನ ಶನಿವಾರ ಮೇಷ್ಟ್ರು ಒಂದು ಸ್ವರ ಕೇಳಿ ಕೈ ಎತ್ತಿ ನಿಲ್ಲಿಸಿದರಂತೆ. "ಯಾರಮ್ಮ ಇದನ್ನ ಹೇಳ್ಕೊಟ್ಟಿದ್ದು?"

"ನಮ್ಮಜ್ಜಿ ಸಾರ್, ಊದುಗೊಳವೇಲಿ."

"ನಿಮ್ಮಜ್ಜಿಗೆ ಒಲೆ ಹೊತ್ತಿಸೋಕೆ ಹೇಳು. ಕೊಳಲಿಗೆ ಬೆಂಕಿ ಇಡೋದು ಬ್ಯಾಡ."

ಬಂದು ಇದನ್ನು ಹೇಳಿದಾಗ ಸೊಸೆ ಮಂಜುಳಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅವಳು ಅಷ್ಟು ಬೇಗ ಅಡುಗೆಮನೆಗೆ ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಇಷ್ಟರಲ್ಲಿ ನನ್ನ ಮಗ ನಾಗರಾಜನಿಗೆ ನೈಟ್ ಶಿಫ್ಟು ಬಂತು. ಅವನಿಗೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ನೈಟ್ ಶಿಫ್ಟಿನ ವಾರ ನಮ್ಮ ಮನೆಯಲ್ಲಿ ಹಗಲೆಲ್ಲ ಪಿಸುಮಾತೇ. ಮಿಕ್ಸಿ ಇಲ್ಲ, ಟೀವಿ ಇಲ್ಲ, ನಾನು ಕೆಮ್ಮಬೇಕಾದರೂ ಹಿತ್ತಲಿಗೆ ಹೋಗಬೇಕು. ಶಾಲೆಗೆ ಕ್ರಿಸ್‌ಮಸ್ ರಜೆ. ಸಂಕ್ರಾಂತಿ ಹತ್ತಿರ ಬರುತ್ತಿದೆ. ಕೊಟ್ಟಿಗೆಗೆ ಹಸು ಬಿಡುವುದಿಲ್ಲ, ತಾರಸಿಯ ಮೇಲೆ ರಾಗಿ ಹರವಿದೆ. ಲಿಖಿತ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಳು. ಗೋಡೆಯ ಆ ಕಡೆ ಅವಳಪ್ಪನ ಮಂಚ. "ಅಪ್ಪ ಎದ್ರೆ ನಿಂಗೂ ನಂಗೂ ಐತೆ" ಎಂದೆ. "ಏಳಲ್ಲ, ಸುಮ್ನಿರಜ್ಜಿ" ಎಂದಳು.

ಜೋರಾಗಿ ಊದುವ ಹಾಗಿಲ್ಲವಲ್ಲ, ಕೆನ್ನೆ ತಾನಾಗಿ ಇಳಿಯಿತು. ತುಟಿಯ ಸಂದು ಸಣ್ಣದಾಯಿತು. ಸೂಜಿಗೆ ದಾರ ಪೋಣಿಸುವವರ ಮುಖ ಆಗುತ್ತದಲ್ಲ, ಹಾಗೆ ಮಾಡಿಕೊಂಡು ಇಷ್ಟೇ ಇಷ್ಟು ಉಸಿರು ಬಿಡುತ್ತಿದ್ದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಸೊಳ್ಳೆ. ಆಮೇಲೆ ಮತ್ತೆ ಏನೂ ಇಲ್ಲ. ಅದೊಂದೇ ಸ್ವರ, ದಿನವೂ. ನಾನು ಪಕ್ಕದಲ್ಲೇ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿರುತ್ತಿದ್ದೆ. ಬಾಯಿ ಹಾಕಬೇಡ ಎಂದು ನನಗೆ ಅಪ್ಪಣೆಯಾಗಿತ್ತು. ಇಂಥ ಕಷ್ಟ ನಾನು ಹೆರಿಗೆಯಲ್ಲೂ ಪಟ್ಟಿಲ್ಲ.

ಒಂದು ಮಧ್ಯಾಹ್ನ ಸದ್ದಿನೊಳಗಿನ ಗಾಳಿ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟಿತು. ಸ್ವರ ಸಣ್ಣದೇ, ಆದರೆ ತುಂಬಿಕೊಂಡಿತ್ತು. ಬೆರಳು ಒತ್ತಿದ ಕೂಡಲೇ ಅವರೆಬೇಳೆ ಸಿಪ್ಪೆಯಿಂದ ನುಣ್ಣಗೆ ಜಾರಿ ಬರುತ್ತದಲ್ಲ, ಹಾಗೆ ಈಚೆಗೆ ಬಂತು. ಹುಡುಗಿ ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದಳು. ಅದೇ ಸ್ವರವನ್ನು ಸ್ವಲ್ಪ ಗಾಢ ಮಾಡಿದಳು, ಮತ್ತೆ ತಿಳಿ ಮಾಡಿದಳು. ನಾನು ಹಿತುಕಿದ ಬೇಳೆ ಪಾತ್ರೆಗೆ ಬೀಳದೆ ನೆಲಕ್ಕೆ ಬೀಳುತ್ತಿತ್ತು. ಆಗ ಗೋಡೆಯ ಆ ಕಡೆ ಮಗ್ಗುಲು ಬದಲಿಸಿದ ಹಾಗೆ ಮಂಚ ಕಿರುಗುಟ್ಟಿತು. ಹುಡುಗಿ ಫಕ್ಕನೆ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ನಾಗರಾಜ ಲುಂಗಿ ಸರಿಮಾಡಿಕೊಳ್ಳುತ್ತಾ, ಕೆಂಪು ಕಣ್ಣು ಬಿಟ್ಟುಕೊಂಡು ಬಾಗಿಲಿಗೆ ಬಂದ. ನಾನು ಮಗುವಿಗೆ ಅಡ್ಡ ನಿಂತೆ.

"ಇಲ್ಲ ಕಣೋ, ಇನ್ನೇನು ಮುಗೀತು, ಹೋಗಿ ಮಲ್ಕೋ."

"ಯಾಕವ್ವಾ ನಿಲ್ಸಿದ್ದು?" ಎಂದ. "ಚೆನ್ನಾಗಿ ನಿದ್ದೆ ಬಂದಿತ್ತು, ನಿಲ್ಸಿದ್ಕೆ ಎಚ್ಚರ ಆಯ್ತು. ಊದು ಪುಟ್ಟಿ." ಅಷ್ಟು ಹೇಳಿ ಹೋಗಿ ಮಲಗಿದ. ಹುಡುಗಿ ಅಳುತ್ತಾ ನಗುತ್ತಾ ಊದಿದಳು. ನಾನು ಹಿತ್ತಲಿಗೆ ಹೋಗಿ, ಕೆಮ್ಮುವ ನೆವದಲ್ಲಿ, ಚೆನ್ನಾಗಿ ಅತ್ತೆ.

ಸಂಕ್ರಾಂತಿಯ ಮುಂಚಿನ ಶನಿವಾರ ಹೊಸ ಸೀರೆಯುಟ್ಟು ನಾನೂ ಹೊರಟೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಸ್ವರ. ಇನ್ನೊಮ್ಮೆ ಅದೇ ಸ್ವರ. ಉಳಿದ ಮಕ್ಕಳೂ ಗಲಾಟೆ ನಿಲ್ಲಿಸಿದರು. ಕಣ್ಣು ಬಿಟ್ಟು "ಕೀಬೋರ್ಡ್ ವಿಷ್ಯ ಮರ್ತ್‌ಬಿಡಿ ಅಮ್ಮಾ" ಎಂದರು. ಆಮೇಲೆ ಅವಳ ಕಡೆ ತಿರುಗಿ, "ಹೆಂಗೆ ಬಂತು ಇದು? ಯಾರು ಹೇಳ್ಕೊಟ್ರು?" ಎಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು, ಸ್ವಲ್ಪ ಮುಂದಕ್ಕೆ ಸರಿದು ಕೂತೆ.

"ಯಾರೂ ಇಲ್ಲ ಸಾರ್. ನಮ್ಮಪ್ಪ ಮಲ್ಗಿದ್ರು" ಎಂದಳು.

ನೋಡಿ ಲೋಕದ ನ್ಯಾಯ. ಪಕ್ಕದಲ್ಲಿ ಬಾಯಿ ಹೊಲಿದುಕೊಂಡು ಕೂತವಳು ನಾನು, ಹೆಸರು ಬಂದದ್ದು ಗೊರಕೆ ಹೊಡೆದವನಿಗೆ! ಬಸ್ಸು ಹತ್ತಿದ ಮೇಲೂ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಪಕ್ಕದಲ್ಲಿ ಹೂವಿನ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ಎಲ್ಲವನ್ನೂ ಹೇಳಿದೆ, ಕೊನೆಗೆ "ಮನೇಲಿ ಇವ್ಳಿಗೆ ಹೇಳ್ಕೊಟ್ಟಿದ್ದು ನಾನೇ ಕಣಮ್ಮ" ಎಂದೂ ಸೇರಿಸಿದೆ.

"ಹೌದಾ ಅಜ್ಜಿ? ಹಂಗಾದ್ರೆ ಒಂದ್ಸಲ ಊದಿ, ಕೇಳಾಣ" ಎಂದಳು ಆಕೆ. ಲಿಖಿತ, ಆ ಪಾಪಿ, ತಕ್ಷಣ ಕೊಳಲು ತೆಗೆದು ನನ್ನ ಮುಂದೆ ಹಿಡಿದಳು.

"ಅಯ್ಯೋ, ಆಗ ಊದ್ತಿದ್ದೆ ತಾಯಿ" ಎಂದೆ. "ಈಗ ಎಲ್ಲಿ ಆಯ್ತದೆ? ಬಾಯಲ್ಲಿ ಒಂದ್ ಹಲ್ಲೂ ಉಳಿದಿಲ್ಲ."

ಎಷ್ಟು ಸಲೀಸಾಗಿ ತಪ್ಪಿಸಿಕೊಂಡೆನಲ್ಲ ಎಂಬ ಖುಷಿ ಒಂದು ಕಡೆ, ಮೊಮ್ಮಗಳ ಕೊಳಲು ಉಳಿಯಿತಲ್ಲ ಎಂಬ ಹಿಗ್ಗು ಇನ್ನೊಂದು ಕಡೆ. ಎರಡೂ ಸೇರಿ ತಡೆಯಲಾಗದೆ ಬಾಯ್ತುಂಬ ನಕ್ಕುಬಿಟ್ಟೆ. ಆ ಹೆಂಗಸು ನನ್ನ ಬಾಯನ್ನೇ ನೋಡುತ್ತಿದ್ದಳು. ದೇವರು ಒಳ್ಳೆಯವನು, ಈ ವಯಸ್ಸಿನಲ್ಲೂ ನನ್ನ ಹಲ್ಲು ಒಂದೂ ಅಲ್ಲಾಡಿಲ್ಲ.