ನೀಲಗಂಗೆಯ ವಯರ್ ಸಂಗ್ರಾಮ

ತಂತಿಗಳೊಳಗೆ ಅದೃಶ್ಯಳಾಗಿ ಸಂಚರಿಸುವವಳೇ, ಕಂಬದಿಂದ ಕಂಬಕ್ಕೆ ಲಂಘಿಸುವವಳೇ, ಮಳೆಯ ಮೊದಲ ಹನಿಗೇ ಮುನಿಸಿಕೊಂಡು ಅಂತರ್ಧಾನಳಾಗುವ ವಿದ್ಯುದ್ದೇವಿಯೇ, ಈ ಕಥೆ ಹೇಳುವವನ ನಾಲಿಗೆಯ ಮೇಲೆ ಬಂದು ನೆಲಸು. ಬೆರಳ ತುದಿಗೆ ಮಾತ್ರ ಬರಬೇಡ.

ಕೃತಯುಗದಲ್ಲಿ ತಪಸ್ಸಿನಿಂದಲೂ, ತ್ರೇತೆಯಲ್ಲಿ ಬಾಣದಿಂದಲೂ, ದ್ವಾಪರದಲ್ಲಿ ಗದೆಯಿಂದಲೂ ಸಾಧ್ಯವಾದುದೆಲ್ಲ ಈ ಕಲಿಯುಗದಲ್ಲಿ ಇನ್ಸುಲೇಶನ್ ಟೇಪಿನಿಂದ ಸಾಧ್ಯವೆಂದು ನಂಬಿದ ಮಹಾಪುರುಷನೊಬ್ಬ ಮಂಗಳೂರಿನಲ್ಲಿ, ಗುರುಪುರ ನದಿಯ ದಂಡೆಯಲ್ಲಿ ವಾಸವಾಗಿದ್ದನು. ಅವನೇ ಟಗ್‌ನೌಕಾಧುರಂಧರ, ಸ್ಕ್ರೂಡ್ರೈವರಾಯುಧಪಾಣಿ, ಪರಸಲಹಾತಿರಸ್ಕಾರನಿಪುಣ ವಾಮನ ತಿಂಗಳಾಯನು. ಬಂದರಿನ ಟಗ್‌ನಲ್ಲಿ ಚುಕ್ಕಾಣಿ ಹಿಡಿಯುವ ತಾಂಡೇಲನಾಗಿ ಬಾಳೆಲ್ಲ ದೊಡ್ಡ ಹಡಗುಗಳನ್ನು ಎಳೆದು ನಿವೃತ್ತನಾದ ಮೇಲೆ, ಎಳೆಯಲು ಏನೂ ಇಲ್ಲದೆ ಚಡಪಡಿಸಿ, ಯಾರೋ ಪರದೇಶಿ ಬಿಟ್ಟುಹೋಗಿದ್ದ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಅದಕ್ಕೆ ನೀಲಗಂಗೆ ಎಂದು ನಾಮಕರಣ ಮಾಡಿದನು. ಆ ನೀಲಗಂಗೆಯಾದರೋ ಒಂದು ಕಾಲದಲ್ಲಿ ಸಮುದ್ರಗಳನ್ನು ದಾಟಿದವಳು. ಈಗ ದೋಣಿಗಳು ತಂಗುವ ಹಳೆಯ ಧಕ್ಕೆಗೆ ಹಗ್ಗದಿಂದ ಕಟ್ಟಿಸಿಕೊಂಡು, ಉಬ್ಬರದಲ್ಲಿ ಒಂದು ಮೊಳ ಏರಿ ಇಳಿತದಲ್ಲಿ ಒಂದು ಮೊಳ ಇಳಿದು, ಅದನ್ನೇ ಪ್ರಯಾಣವೆಂದು ಭಾವಿಸಿ ತೃಪ್ತಳಾಗಿದ್ದಳು.

ಧಕ್ಕೆಯ ಕಂಬದಲ್ಲೊಂದು ಪ್ಲಗ್ಗಿನ ಪೆಟ್ಟಿಗೆ. ಅಲ್ಲಿಂದ ದೋಣಿಗೆ ಒಂದು ವಯರ್. ಅದರಿಂದ ಒಂದು ಬಲ್ಬು, ಒಂದು ಫ್ಯಾನು, ಚಾ ಕಾಯಿಸಲು ಒಂದು ಕೆಟಲು. ಇಷ್ಟೇ ಸಾಮ್ರಾಜ್ಯ. ಈ ಸಾಮ್ರಾಜ್ಯದ ರಾಣಿ, ತಿಂಗಳಾಯನ ಹೆಂಡತಿ ವಾರಿಜ, ದಿನವೂ ಸಂಜೆ ಬಂದು ದೋಣಿಯ ಹಿಂಭಾಗದ ಹಲಗೆಯ ಮೇಲೆ ಕಾಲು ನೀಡಿ ಕೂತು, ನದಿಯನ್ನೂ ಗಂಡನನ್ನೂ ಒಟ್ಟಿಗೆ ಟೀಕಿಸುತ್ತ ಚಾ ಕುಡಿಯುವುದು ರೂಢಿ. ಆದರೆ ದಸರೆ ಕಳೆದ ಮರುವಾರ, ಒಂದು ಕೈಯಲ್ಲಿ ಕೆಟಲನ್ನೂ ಇನ್ನೊಂದರಲ್ಲಿ ದೋಣಿಯಂಚಿನ ಸ್ಟೀಲಿನ ಕಟಕಟೆಯನ್ನೂ ಹಿಡಿದ ಆ ಸಾಧ್ವಿಯ ಭುಜದವರೆಗೆ ವಿದ್ಯುದ್ದೇವಿ ಏರಿ ಬಂದಳು. ಕೆಟಲು ನದಿಗೆ ಬಿತ್ತು. ವಾರಿಜ ಹಲಗೆಗೆ ಬಿದ್ದಳು.

ಎದ್ದವಳೇ ಪ್ರತಿಜ್ಞೆ ಮಾಡಿದಳು. ದಿಕ್ಕುಗಳು ನಡುಗಿದವೆಂದೂ ದಿಗ್ಗಜಗಳು ಘೀಳಿಟ್ಟವೆಂದೂ ಹೇಳಬಹುದು. ಆದರೆ ನಡುಗಿದ್ದು ಅವಳು ಬಿದ್ದ ಹಲಗೆ ಮಾತ್ರ.

"ಈ ವಯರ್ ಸಮ ಆಗದೆ ನಾನು ನಿಮ್ಮ ದೋಣಿಗೆ ಕಾಲು ಇಡುದಿಲ್ಲ. ನೀವೂ ನಿಮ್ಮ ನೀಲಗಂಗೆಯೂ ಸುಖವಾಗಿ ಇರಿ."

"ಸ್ವಲ್ಪ ಜುಂ ಅಂದದ್ದಕ್ಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?"

"ಜುಂ ಅಂದದ್ದು ನಿಮ್ಗಾ ನನ್ಗಾ?"

ಅಂದಿನಿಂದ ವೀರವಾಮನನು ಮನೆಯಿಂದ ಫ್ಲಾಸ್ಕಿನಲ್ಲಿ ಚಾ ತಂದು ಒಬ್ಬನೇ ಕೂತು ಕುಡಿಯತೊಡಗಿದನು. ತನ್ನನ್ನು ಯಾರೂ ಟೀಕಿಸದ ಆ ಸಂಜೆಗಳು ಪರಮಸುಖವೆಂದು ಎದುರಾದವರಿಗೆಲ್ಲ ಹೇಳಿದನು. ಮೂರು ಸಲ ಹೇಳಿದ ಮೇಲೆ ಅವನಿಗೇ ಅದು ಸುಳ್ಳೆಂದು ಗೊತ್ತಾಯಿತು. ಚಾ ತಣ್ಣಗಾಗುತ್ತಿತ್ತು. ನದಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣುತ್ತಿರಲಿಲ್ಲ.

ಆಗ ಪಡುವಣ ದಿಕ್ಕಿನಿಂದ, ವಿಮಾನಾರೂಢನಾಗಿ, ಎರಡು ತಿಂಗಳ ರಜೆಯ ಮೇಲೆ ಅವತರಿಸಿದನು ಪುರಂದರ ಮೆಂಡನ್: ವಾರಿಜಳ ತಮ್ಮ, ಮಸ್ಕತ್ತಿನ ದೋಣಿ ಕಾರ್ಖಾನೆಯ ವಿದ್ಯುತ್‌ಪ್ರವೀಣ, ಹೆಲ್ಮೆಟ್‌ಶೋಭಿತಮಸ್ತಕ, ಅತ್ತರುಘಮಘಮಿತವಕ್ಷಸ್ಥಳ. ಅಕ್ಕನ ಪ್ರತಿಜ್ಞೆಯನ್ನು ಕೇಳಿದವನೇ ಭಾವನ ಎದುರು ನಿಂತು, ಸಪ್ತಸಾಗರಗಳ ನೌಕೆಗಳಿಗೆಲ್ಲ ನರನಾಡಿಗಳನ್ನು ಜೋಡಿಸಿದವನು ತಾನೆಂದೂ, ತನ್ನ ಕೈ ಸೋಕಿದ ತಂತಿ ಯುಗಾಂತ್ಯದವರೆಗೆ ಕಿಡಿ ಕಾರದೆಂದೂ ಸಾರಿದನು. ಆಡುಮಾತಿನಲ್ಲಿ ಅದು ಹೀಗಿತ್ತು:

"ಭಾವ, ಅಲ್ಲಿ ನಮ್ಗೆ ರೂಲ್ಸ್ ಅಂದ್ರೆ ರೂಲ್ಸ್. ನಿಮ್ಮ ಈ ವಯರಿಂಗ್ ನೋಡಿದ್ರೆ ನಮ್ಮ ಸೂಪರ್‌ವೈಸರ್ ಅಲ್ಲಿಯೇ ಕೂತು ಅಳ್ತಿದ್ದ."

"ನಿನ್ನ ಸೂಪರ್‌ವೈಸರ್ ಹುಟ್ಟುವ ಮೊದ್ಲೇ ನಾನು ಹಲ್ಲಿನಲ್ಲಿ ವಯರ್ ಸುಲ್ದವ."

"ಗೊತ್ತಾಗ್ತದೆ. ಅದಕ್ಕೇ ಈಗ ಆ ಎರಡು ಹಲ್ಲು ಇಲ್ಲ."

ಹೀಗೆ ಪರಸ್ಪರ ಗೌರವ ಸಲ್ಲಿಸಿ, ಆದಿತ್ಯವಾರ ಬೆಳಿಗ್ಗೆ ಇಬ್ಬರೂ ರಣರಂಗಕ್ಕೆ ಇಳಿದರು. ಸಂಜೆ ಚಾಕ್ಕೆ ಬರುವುದಾಗಿ ವಾರಿಜ ಮಾತು ಕೊಟ್ಟಿದ್ದಳು. "ಬಂದು ಕಟಕಟೆ ಮುಟ್ಟಿ ನೋಡ್ತೇನೆ. ಸಮ ಇದ್ರೆ ಕೂತ್ಕೊಳ್ತೇನೆ. ಇಲ್ದಿದ್ರೆ ಇನ್ನು ಈ ಧಕ್ಕೆಗೇ ಬರುದಿಲ್ಲ" ಎಂದಿದ್ದಳು. ಅವಳು ಆಡಿದ ಮಾತಿಗೆ ತಪ್ಪಿದ್ದನ್ನು ತಿಂಗಳಾಯ ಮದುವೆಯಾದಂದಿನಿಂದ ಕಂಡಿರಲಿಲ್ಲ. ಕಂಡಿದ್ದರೆ ಎಷ್ಟೋ ಸಲ ಬದುಕಿಕೊಳ್ಳುತ್ತಿದ್ದನು.

ಮೊದಲು ಶತ್ರುವಿನ ಆಹಾರ ಕಡಿಯಬೇಕಷ್ಟೆ. ಪುರಂದರನು ಕಂಬದ ಮೇನ್ ಸ್ವಿಚ್ ಇಳಿಸಿ, ಅದರ ಹಿಡಿಗೆ ಕೆಂಪು ಬಟ್ಟೆ ಕಟ್ಟಿ, ವಯರನ್ನೂ ಕಿತ್ತು, ಟೆಸ್ಟರಿನಿಂದ ಎಲ್ಲ ಕಡೆ ಮುಟ್ಟಿ ನೋಡಿದನು. ಸ್ವಿಚ್ ಇಳಿಸಿದ ಮೇಲೂ ನಂಬದೆ ಮುಟ್ಟಿ ನೋಡುವ ಈ ಅಧೈರ್ಯವನ್ನು ತಿಂಗಳಾಯನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅವನ ಪದ್ಧತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂಬುದನ್ನು ಕೆಲಸದ ನಡುವೆ ತಿಳಿದುಕೊಳ್ಳುವುದು.

ಬಳಿಕ ಕಂಬದ ಪೆಟ್ಟಿಗೆಯ ಮುಚ್ಚಳ ತೆರೆಯಿತು. ಪ್ಲಗ್ಗೇ ಇಲ್ಲದ ವಯರಿನ ಎರಡು ಬೋಳು ತುದಿಗಳನ್ನು ಎರಡು ತೂತುಗಳೊಳಗೆ ತುರುಕಿ ಇಟ್ಟಿದ್ದುದಕ್ಕೆ ಸಾಕ್ಷಿಯಾಗಿ, ಅವು ಜಾರದಂತೆ ಜಡಿದಿದ್ದ ಬೆಂಕಿಕಡ್ಡಿಗಳು ಅಲ್ಲೇ ಇದ್ದವು. ಕಾದು ಕಾದು ಕರ್ರಗಾಗಿ, ವ್ರತನಿಷ್ಠರಂತೆ ಕದಲದೆ ನಿಂತಿದ್ದವು.

"ಇದೆಂತ ಭಾವ?"

"ಬೆಂಕಿಕಡ್ಡಿ."

"ಬೆಂಕಿಕಡ್ಡಿ ಅಂತ ನನ್ಗೆ ಕಾಣ್ತದೆ. ಇಲ್ಲಿ ಎಂತಕ್ಕೆ?"

"ಗಟ್ಟಿ ನಿಲ್ಲುದು ಬೇಡ್ವಾ? ಊರಿಡೀ ಹೀಗೇ ಹಾಕುದು. ಯಾರು ಸತ್ತಿದ್ದಾರೆ?"

ಪುರಂದರನು ಹೆಲ್ಮೆಟ್ ತೆಗೆದು, ಆಕಾಶಕ್ಕೆ ಮುಖವೆತ್ತಿ, ತಾನು ಬದುಕಿರುವವರೆಗೆ ಈ ಧಕ್ಕೆಯ ಮೇಲೆ ಬೆಂಕಿಕಡ್ಡಿಗೂ ಕರೆಂಟಿಗೂ ವಿವಾಹವಾಗಗೊಡುವುದಿಲ್ಲವೆಂದು ಘೋರಶಪಥ ಮಾಡಿದನು. ವಾಚಕರು ಈ ಶಪಥವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅವನು ಇಟ್ಟುಕೊಳ್ಳುವುದಿಲ್ಲ.

ಮುಂದೆ ದೋಣಿಯ ಗರ್ಭದಲ್ಲಿ ಹಳೆಯ ತಂತಿಗಳ ಸಂಹಾರ ನಡೆಯಿತು. ಹಲಗೆ ಎತ್ತಿದರೆ ತಂತಿ, ತಂತಿ ಎಳೆದರೆ ಜಿರಳೆ, ಜಿರಳೆ ಓಡಿದಲ್ಲಿ ಇನ್ನೊಂದು ತಂತಿ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತಿತ್ತು. ಆಯುಧಪೂಜೆಗೆ ಹಾಕಿದ್ದ ಬಣ್ಣದ ಬಲ್ಬುಗಳ ಸರವೊಂದು, ಪೂಜೆ ಮುಗಿದರೂ ಪ್ರಸಾದ ಸಿಗದವರ ಹಾಗೆ, ತಳದ ನೀರಿನಲ್ಲಿ ಮುಳುಗಿ ಕೂತಿತ್ತು. ಅದರ ಗಂಟಿಗೆ ಸುತ್ತಿದ ಟೇಪು ಎಂದೋ ಕಳಚಿತ್ತು. ಕೊನೆಗೆ ಸಿಕ್ಕಿತು ಮುಖ್ಯ ವಯರಿನ ತುದಿ. ಕೆಂಪು ಒಂದು, ಕಪ್ಪು ಒಂದು, ಮತ್ತು ಬುಡದಲ್ಲೇ ಕತ್ತರಿಸಿದ ಹಸಿರು ಒಂದು.

"ಹಸ್ರು ವಯರ್ ಯಾರು ಕಡ್ದದ್ದು?"

"ನಾನೇ. ಅದಕ್ಕೆ ಕೆಲ್ಸ ಎಂತ ಉಂಟು? ಅದು ಇಲ್ದೆಯೂ ಬಲ್ಬ್ ಹೊತ್ತುತ್ತದೆ, ಫ್ಯಾನ್ ತಿರುಗ್ತದೆ. ಸುಮ್ನೆ ಲೆಕ್ಕಕ್ಕೆ ಒಂದು."

ಇಲ್ಲಿ ಪುರಂದರನು ಗರ್ಜಿಸಲಿಲ್ಲ. ಸಣ್ಣ ದನಿಯಲ್ಲಿ ಹೇಳಿದನು.

"ಭಾವ, ಒಳಗೆ ಎಲ್ಲಿಯಾದ್ರೂ ಕರೆಂಟ್ ಸೋರಿದ್ರೆ ಅದು ಹೋಗ್ಲಿಕ್ಕೆ ದಾರಿ ಈ ಹಸ್ರು ವಯರ್. ನೀವು ದಾರಿ ಕಡ್ದ್ರಿ. ಅದು ಬೇರೆ ದಾರಿ ಹುಡುಕಿತು. ಅಕ್ಕನ ಕೈ ಸಿಕ್ಕಿತು."

ತಿಂಗಳಾಯನು ಆ ತುಂಡು ಹಸಿರು ವಯರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದನು. ಆಮೇಲೆ ಎದ್ದು, "ಹೇಳು, ಎಲ್ಲಿಂದ ಸುರು ಮಾಡುವ?" ಎಂದನು. ಈ ಮಹಾಕಾವ್ಯದಲ್ಲಿ ನಿಜವಾದ ಪರಾಕ್ರಮ ಎಂಬುದು ಏನಾದರೂ ಇದ್ದರೆ ಅದು ಇದೊಂದೇ. ಆದ್ದರಿಂದ ಬೇಗ ದಾಟಿಹೋಗೋಣ.

ಆ ಮಧ್ಯಾಹ್ನ ನಡೆದುದನ್ನು ವರ್ಣಿಸಲು ಆದಿಶೇಷನಿಗೂ ನಾಲಿಗೆ ಸಾಲದು, ಅವನಿಗೆ ಅಷ್ಟು ವ್ಯವಧಾನವೂ ಇರಲಾರದು. ತವರದ ಲೇಪವಿರುವ ದಪ್ಪ ತಾಮ್ರದ ಕೇಬಲ್ ಹಾಸಿದರು. ತುದಿಗಳನ್ನು ಹುರಿಹಾಕಿ ಟೇಪು ಸುತ್ತುವ ಸನಾತನ ವಿಧಿಯನ್ನು ತ್ಯಜಿಸಿ, ಇಕ್ಕಳದಿಂದ ಒತ್ತಿ ಲೋಹದ ಟೋಪಿ ತೊಡಿಸಿದರು. ದೋಣಿಯ ಪಕ್ಕೆಗೆ ಮುಚ್ಚಳವಿರುವ ಹೊಸ ಪ್ಲಗ್ಗಿನ ಬಾಯಿ ಕೂಡಿಸಿದರು. ಅದರ ಹತ್ತಿರವೇ, ಕರೆಂಟ್ ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ್ ಆಗುವ ಸ್ವಿಚ್ಚೊಂದನ್ನು ದ್ವಾರಪಾಲಕನಾಗಿ ನಿಲ್ಲಿಸಿದರು. ಹಸಿರು ವಯರಿಗೆ ಪಟ್ಟಾಭಿಷೇಕವಾಯಿತು. ಹೊರಗಿನ ಕೇಬಲ್ ನಡುವೆ ಜೋಲುವಂತೆ ಬಿಟ್ಟರು, ಮಳೆನೀರು ಅದರ ಗುಂಟ ಹರಿದು ಬಾಯಿಗೆ ಬೀಳದೆ ಜೋಲಿನಿಂದಲೇ ನದಿಗೆ ತೊಟ್ಟಿಕ್ಕಲೆಂದು. ಹಲ್ಲಿನಿಂದ ವಯರ್ ಸುಲಿಯಲು ಹೋದ ತಿಂಗಳಾಯನನ್ನು ಪುರಂದರನು ಎರಡು ಸಲ ತಡೆದನು. ಮೂರನೆಯ ಸಲ ತಡೆಯಲಾಗಲಿಲ್ಲ.

ಹೊತ್ತು ಇಳಿಯುವಾಗ ಇಬ್ಬರೂ ವಿಜಯೋನ್ಮತ್ತರಾಗಿ, ಕೇಬಲ್‌ನ ಇನ್ನೊಂದು ತುದಿಯನ್ನು ಧ್ವಜದಂತೆ ಎತ್ತಿ ಹಿಡಿದು ಕಂಬದ ಕಡೆಗೆ ನಡೆದರು. ಆ ತುದಿಯಲ್ಲಿತ್ತು ದಪ್ಪ ಕಾಲುಗಳ, ಗಂಭೀರಾಕೃತಿಯ, ಹದಿನೈದು ಆಂಪಿಯರಿನ ಹೊಸ ಪ್ಲಗ್ಗು. ಕಂಬದಲ್ಲಿ ಇದ್ದುದು ಮನೆಯಲ್ಲಿ ರೇಡಿಯೋಕ್ಕೆ ಹಾಕುವ ಸಣ್ಣ ತೂತಿನ ಪೆಟ್ಟಿಗೆ.

ಪ್ಲಗ್ಗು ಹೋಗಲಿಲ್ಲ. ತಿರುಗಿಸಿದರು, ಹೋಗಲಿಲ್ಲ. ಬೈದರು, ಆಗಲೂ ಹೋಗಲಿಲ್ಲ.

"ಪೆಟ್ಟಿಗೆ ಬದ್ಲಿಸ್ಬೇಕಿತ್ತು" ಎಂದನು ಪುರಂದರ.

"ಬೆಳಿಗ್ಗೆಯಿಂದ ಮುಚ್ಚಳ ತೆಗ್ದು ಇದರ ಎದುರೇ ಭಾಷಣ ಮಾಡಿದ್ದು ಯಾರು?"

"ಬೆಂಕಿಕಡ್ಡಿ ನೋಡಿ ತೂತು ನೋಡ್ಲಿಕ್ಕೆ ಮರ್ತುಹೋಯ್ತು ಭಾವ."

ಆದಿತ್ಯವಾರ, ಅಂಗಡಿ ಬಂದ್. ಧಕ್ಕೆಯ ಆಚೆ ತುದಿಯಲ್ಲಿ ಆಟೋ ಒಂದು ನಿಂತ ಸದ್ದಾಯಿತು. ವಾರಿಜ ಬರುತ್ತಾಳೆ, ಬಲ್ಬು ಹೊತ್ತುವುದಿಲ್ಲ, ಚಾ ಇಲ್ಲ. ತಿರುಗಿ ಹೋದರೆ ಇನ್ನು ಫ್ಲಾಸ್ಕೇ ಗತಿ. ತಿಂಗಳಾಯನ ಬಲಗೈ, ಯಾರ ಅಪ್ಪಣೆಗೂ ಕಾಯದೆ, ಅಂಗಿಯ ಕಿಸೆಗೆ ಇಳಿಯಿತು. ದೋಣಿಯಲ್ಲಿರುವ ದೇವಿಯ ಪಟಕ್ಕೆ ಊದುಬತ್ತಿ ಹಚ್ಚಲೆಂದು ಇಟ್ಟುಕೊಂಡಿದ್ದ ಬೆಂಕಿಪೆಟ್ಟಿಗೆಯೊಂದಿಗೆ ಮೇಲೆ ಬಂತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೆಳಿಗ್ಗೆಯ ಘೋರಶಪಥವು ಇಬ್ಬರ ನಡುವೆ ಹಾದು, ನದಿಯ ಕಡೆಗೆ ಹೋಗಿ, ಕೆಟಲು ಬಿದ್ದಲ್ಲಿಯೇ ಬಿತ್ತು.

"ಇವತ್ತೊಂದು ದಿನಕ್ಕೆ" ಎಂದನು ತಿಂಗಳಾಯ.

"ಅಕ್ಕ ಚಾ ಕುಡ್ದು ಹೋಗುವವರೆಗೆ ಮಾತ್ರ" ಎಂದನು ಪುರಂದರ. "ಪ್ಲಗ್ ಕಳಚಿ ಕೊಡ್ತೇನೆ, ನೀವು ಕಡ್ಡಿ ತೆಗೀರಿ. ಬೇಗ."

ಮಸ್ಕತ್ತಿನ ಸಕಲ ರೂಲ್ಸುಗಳು ಹೀಗೆ ಒಂದು ಉಸಿರಿನಲ್ಲಿ ಸಂಧಿ ಮಾಡಿಕೊಂಡವು.

"ಕೈಯಲ್ಲಿ ಎಂತದು?"

ಹಿಂದೆ ವಾರಿಜ ನಿಂತಿದ್ದಳು, ಕೈಯಲ್ಲಿ ಚಾದ ಜೊತೆ ತಿನ್ನಲು ಗೋಳಿಬಜೆಯ ಪೊಟ್ಟಣ ಹಿಡಿದು.

"ಬೆಂಕಿಪೆಟ್ಟಿಗೆ" ಎಂದನು ತಿಂಗಳಾಯ. "ಊದುಬತ್ತಿ ಹಚ್ಲಿಕ್ಕೆ."

"ಊದುಬತ್ತಿಯನ್ನು ಪ್ಲಗ್ಗಿನ ತೂತಿಗೆ ಹಚ್ಲಿಕ್ಕುಂಟಾ?" ಎಂದು ಕೇಳಿ ಅವಳು ತಮ್ಮನ ಕಡೆ ತಿರುಗಿದಳು. "ನೀನೂ ಹೀಗೆಯಾ? ಈ ಟೊಪ್ಪಿ ಎಂತಕ್ಕೆ, ಬಿಸಿಲಿಗಾ?"

ಪುರಂದರನು ಪ್ಲಗ್ಗನ್ನು ನೆಲಕ್ಕೆ ಬಿಟ್ಟು, ಹೆಲ್ಮೆಟ್ಟನ್ನು ತೆಗೆದು ಬೆನ್ನ ಹಿಂದೆ ಅಡಗಿಸಿದನು. ತಿಂಗಳಾಯನು ಮಾತ್ರ, ಇಡೀ ದಿನದ ಹೆಮ್ಮೆಯನ್ನು ಅಲ್ಲೇ ಇಳಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದನು: ಹಸಿರು ವಯರ್ ಕಡಿದದ್ದು ತಾನೇ, ಅವಳಿಗೆ ಹೊಡೆದದ್ದು ಅದರಿಂದಲೇ, ಒಳಗೆ ಈಗ ಎಲ್ಲ ಹೊಸತು, ಆದರೆ ಹೊರಗೆ ಪ್ಲಗ್ಗು ಕೂರುವುದಿಲ್ಲ, ನಾಳೆಯವರೆಗೆ ಕರೆಂಟ್ ಇಲ್ಲ.

ವಾರಿಜ ನೆಲದಲ್ಲಿ ಬಿದ್ದಿದ್ದ ಪ್ಲಗ್ಗನ್ನು ನೋಡಿದಳು. ದೋಣಿಯನ್ನು ನೋಡಿದಳು.

"ಅಂದ್ರೆ ಈಗ ಇದರಲ್ಲಿ ಕರೆಂಟೇ ಇಲ್ಲ?"

"ಇಲ್ಲ."

"ಸ್ವಲ್ಪವೂ ಇಲ್ಲ?"

"ಎಲ್ಲಿಂದ ಬರ್ಬೇಕು ಮಾರಾಯ್ತಿ? ಪ್ಲಗ್ಗೇ ನೆಲದಲ್ಲಿ ಉಂಟಲ್ಲ."

"ಹಾಗಾದ್ರೆ ನನ್ಗೆಂತ ಹೆದ್ರಿಕೆ? ನಾನು ಕರೆಂಟ್ ಬೇಕು ಅಂತ ಕೇಳಿದ್ದಾ? ನನ್ಗೆ ಹೊಡೀಬಾರ್ದು ಅಂತ ಅಲ್ವಾ ಹೇಳಿದ್ದು?"

ಹೀಗೆ ನುಡಿದು, ಕೈಯ ಹಿಂಬದಿಯಿಂದ ಕಟಕಟೆಯನ್ನು ಒಮ್ಮೆ ಮುಟ್ಟಿ ನೋಡಿ, ಸೀರೆ ಎತ್ತಿಕಟ್ಟಿ, ಆ ಮಹಾಪ್ರತಿಜ್ಞಾಪಾಲಕಿಯು ನೀಲಗಂಗೆಯನ್ನು ಏರಿದಳು. ಏರುವಾಗ ಗಂಡನ ಕೈಯಿಂದ ಬೆಂಕಿಪೆಟ್ಟಿಗೆಯನ್ನು ಕಿತ್ತುಕೊಂಡಿದ್ದಳು. ಮೂಲೆಯಲ್ಲಿ ಆ ಪರದೇಶಿಯ ಕಾಲದಿಂದ ಧೂಳು ತಿನ್ನುತ್ತಿದ್ದ ಹಿತ್ತಾಳೆಯ ಸೀಮೆಎಣ್ಣೆ ಸ್ಟೌವನ್ನು ಎಳೆದು, ಸೆರಗಿನಿಂದ ಒರಸಿ, ತಳದಲ್ಲಿ ಉಳಿದಿದ್ದ ಎಣ್ಣೆಗೆ ಪಂಪು ಹೊಡೆದು, ಕಡ್ಡಿ ಗೀರಿದಳು.

"ನೋಡಿ" ಎಂದಳು ಗಂಡನಿಗೆ, "ಬೆಂಕಿಕಡ್ಡಿ ಇರುದು ಇದಕ್ಕೆ."

ನಾಲ್ಕು ಯುಗಗಳು ಕಾದಿದ್ದ ಆ ಮಹಾಸಂಗ್ರಾಮದಲ್ಲಿ ಒಟ್ಟು ಖರ್ಚಾದ ಬೆಂಕಿಕಡ್ಡಿ ಒಂದು. ಸಣ್ಣ ಪಾತ್ರೆಯೊಂದರಲ್ಲಿ ಚಾ ಆಯಿತು, ಸಕ್ಕರೆ ಸ್ವಲ್ಪ ಕಡಿಮೆ. ವಾರಿಜ ಹಲಗೆಯ ಮೇಲೆ ಕಾಲು ನೀಡಿ ಕೂತು, ನದಿಯ ನೀರು ಕೊಳಕಾಗಿದೆ ಎಂದಳು. ನಿಮ್ಮ ಅಂಗಿಯೂ ಹಾಗೆಯೇ ಎಂದಳು. ತಿಂಗಳಾಯನು ಇಲ್ಲದ ಹಲ್ಲುಗಳನ್ನೂ ತೋರಿಸಿ ನಕ್ಕನು.